ಮಂಕಿ ಕ್ಯಾಪ್ ಹಾಕಿಕೊಂಡ ಅಂಜೂರ

ನನ್ನ ಕೈಗುಣದ ಬಗ್ಗೆ ನಮ್ಮ ಅತ್ತೆಯವರಿಗೆ ಒಂದು ಅಭಿಪ್ರಾಯವಿದೆ. ಅಭಿಪ್ರಾಯ ಎನ್ನುವುದಕ್ಕಿಂತ ತೀರ್ಪು ಎನ್ನಬಹುದು. ಮದುವೆಯಾದ ಹೊಸದರಲ್ಲಿ, ಅಳಿಯಂದಿರ ಕೈಯಿಂದ ಒಂದು ಒಳ್ಳೆಯ ಕೆಲಸವಾಗಲಿ ಎಂದು ಮಾಗಡಿಯ ತಮ್ಮ ಮನೆಯ ಹಿತ್ತಲಿನಲ್ಲಿ ನನ್ನಿಂದ ಒಂದು ತೆಂಗಿನ ಸಸಿ ನೆಡಿಸಿದರು. ಅದೇ ಸಾಲಿನಲ್ಲಿ ಬೇರೆಯವರು ನೆಟ್ಟ ಸಸಿಗಳು ಈಗ ಮರವಾಗಿ ಕಾಯಿ ಉದುರಿಸುತ್ತಿವೆ. ನನ್ನದು ಮಾತ್ರ ನಾನು ಬಸ್ಸು ಹತ್ತುವ ಮೊದಲೇ ಬಾಡಿತು ಎಂದು ಅತ್ತೆ ಎಲ್ಲರ ಹತ್ತಿರ ಹೇಳುತ್ತಾರೆ. ಇದು ಶುದ್ಧ ಅತಿಶಯೋಕ್ತಿ. ನಾನು ವಿಜಯನಗರದ ನಮ್ಮ ಮನೆ ತಲುಪಿದ ಮೇಲೆ ಬಾಡಿದ್ದು!

ಅಂದಿನಿಂದ ನಮ್ಮ ಮನೆಯಲ್ಲಿ ಮಣ್ಣಿಗೂ ನನಗೂ ಸಂಬಂಧವಿಲ್ಲ. ಅತ್ತೆ ಬಂದಾಗ ನಾನು ತುಳಸಿಗೆ ನೀರು ಹಾಕಲು ತಂಬಿಗೆ ಎತ್ತಿದರೆ, "ಅಳಿಯಂದ್ರೇ, ನೀವು ಪೇಪರ್ ಓದ್ಕೊಳ್ಳಿ" ಎಂದು ನಯವಾಗಿ ತಂಬಿಗೆ ಕಸಿದುಕೊಳ್ಳುತ್ತಾರೆ. ನನ್ನ ಹೆಂಡತಿ ಗಿರಿಜಾ ಉಪ್ಪಿನಕಾಯಿ ಜಾಡಿಗೆ ಬಟ್ಟೆ ಕಟ್ಟುವಾಗ ನಾನು ಅಡುಗೆಮನೆಯ ಬಾಗಿಲಲ್ಲೂ ನಿಲ್ಲುವಂತಿಲ್ಲ. ನಿವೃತ್ತಿಯ ದಿನ ಆಫೀಸಿನವರು ಒಂದು ಮನಿಪ್ಲಾಂಟ್ ಕೊಟ್ಟಿದ್ದರು. ಗಿರಿಜಾ ಅದನ್ನು ಗೇಟಿನಲ್ಲೇ ನನ್ನ ಕೈಯಿಂದ ಇಸಿದುಕೊಂಡಳು.

ಹೀಗೆ ಕಳಂಕ ಹೊತ್ತು ಬಾಳುತ್ತಿದ್ದ ನನಗೆ ಒಂದು ಮಧ್ಯಾಹ್ನ ಮೊಬೈಲಿನಲ್ಲಿ ಒಬ್ಬ ಗಡ್ಡದವರು ಸಿಕ್ಕರು. ಯಾವುದೋ ಚಳಿದೇಶದವರು. ಮೊಣಕಾಲುದ್ದ ಹಿಮದಲ್ಲಿ ನಿಂತು, ತಮ್ಮ ಹಿತ್ತಲಿನಲ್ಲಿ ಅಂಜೂರ ಬೆಳೆಯುವ ವಿಧಾನ ಹೇಳುತ್ತಿದ್ದರು. ಎಲೆ ಉದುರಿದ ಮೇಲೆ ಗಿಡಕ್ಕೆ ಗೋಣಿತಾಟು, ಕಂಬಳಿ ಸುತ್ತಿ, ತಲೆಗೆ ಏನಾದರೂ ಮುಚ್ಚಿ, ಚಳಿಗಾಲ ಪೂರ್ತಿ ಬೆಚ್ಚಗಿಡಬೇಕು. ಬೇಸಗೆಯಲ್ಲಿ ಬಿಚ್ಚಿದರೆ ಬುಟ್ಟಿ ತುಂಬ ಹಣ್ಣು! ಆ ಹಿಮದಲ್ಲೇ ಬೆಳೆಯುವುದಾದರೆ ನಮ್ಮ ವಿಜಯನಗರದ ಆರ್‌ಪಿಸಿ ಲೇಔಟಿನಲ್ಲಿ ಬೆಳೆಯದೇ? ಬರುವ ಯುಗಾದಿಗೆ ನನ್ನ ಕೈಯಾರೆ ಬೆಳೆದ ಅಂಜೂರವನ್ನು ಅತ್ತೆಯವರ ಅಂಗೈಯಲ್ಲಿಟ್ಟು, ತೆಂಗಿನ ಸಸಿಯ ತೀರ್ಪನ್ನು ರದ್ದು ಮಾಡಿಸಬೇಕೆಂದು ನಾನು ಆ ಕ್ಷಣವೇ ನಿಶ್ಚಯಿಸಿದೆ.

ಮೈಸೂರು ರಸ್ತೆಯ ನರ್ಸರಿಯಿಂದ ನನ್ನ ಎದೆಯೆತ್ತರದ ಗಿಡವೊಂದನ್ನು ಆಟೋದಲ್ಲಿ ತಂದು ಇಳಿಸಿದೆ.

"ಏನ್ರೀ ಅದು ಕೋಲು?" ಎಂದಳು ಗಿರಿಜಾ.

"ಕೋಲಲ್ಲ ಕಣೇ, ಅಂಜೂರ. ಯುಗಾದಿಗೆ ನಿಮ್ಮಮ್ಮಂಗೆ ಇದರ ಹಣ್ಣು ಕೊಡ್ತೀನಿ."

"ಹಾಗಾದ್ರೆ ಹಣ್ಣೇ ತರಬಹುದಿತ್ತಲ್ಲ. ಆಟೋ ಯಾಕೆ ಬೇಕಿತ್ತು?"

ನಾನು ಗಿಡ ಹಿಡಿದು ಬಿಸಿಲಿನ ಜಾಗ ಹುಡುಕತೊಡಗಿದೆ.

ಒಂದೇ ತೊಡಕು. ನಮ್ಮ ಮನೆಯ ಮುಂದೆ ಬಿಸಿಲು ಬೀಳುವ ಜಾಗ ಇರುವುದು ಗೇಟಿನ ಪಕ್ಕದಲ್ಲಿ ಮಾತ್ರ. ಅಲ್ಲಿ ಗಿರಿಜಾಳ ಕರಿಬೇವಿನ ಗಿಡವಿತ್ತು. ಗಿಡ ಎಂದರೆ ಸಾಮಾನ್ಯ ಗಿಡವಲ್ಲ; ನಮ್ಮ ಕ್ರಾಸಿನ ಅಷ್ಟೂ ಒಗ್ಗರಣೆಗೆ ಆಧಾರ. ಬೆಳಗಾದರೆ ಯಾರಾದರೂ ಒಬ್ಬರು ಗೇಟಿನ ಹೊರಗಿಂದ ಕೈ ಚಾಚಿ, "ಗಿರಿಜಾ ಆಂಟಿ, ಎರಡು ಎಸಳು ತಗೊಂಡೆ" ಎಂದು ಕೂಗುತ್ತಿದ್ದರು. ಆ ಎರಡು ಎಸಳಿನ ನೆಪದಲ್ಲಿ ಅರ್ಧ ಗಂಟೆ ಮಾತು. ಹೀಗಾಗಿ ಗಿರಿಜಾಳಿಗೆ ಆ ಗಿಡ ಅಂದರೆ ಜೀವ. ಅವಳು ತಂಗಿಯ ಮನೆಗೆ ದೀಪಾಂಜಲಿ ನಗರಕ್ಕೆ ಹೋಗಿದ್ದಾಗ ನಾನು ಗರಗಸ ತೆಗೆದುಕೊಂಡು ಕರಿಬೇವನ್ನು ಬುಡಮಟ್ಟ ಕೊಯ್ದು, ಅದರ ಪಕ್ಕದಲ್ಲೇ ಅಂಜೂರ ನೆಟ್ಟೆ.

ಸಂಜೆ ಅವಳು ಗೇಟು ತೆಗೆದು, ಬರೀ ಬುಡ ನೋಡಿ, ಒಂದು ಮಾತೂ ಆಡದೆ ಒಳಗೆ ಹೋದಳು. ಬೈದಿದ್ದರೆ ಸುಧಾರಿಸಿಕೊಳ್ಳುತ್ತಿದ್ದೆ. ಮಾರನೆಯ ದಿನದಿಂದ ಸಾರು, ಹುಳಿ, ಉಪ್ಪಿಟ್ಟು ಎಲ್ಲವೂ ಕರಿಬೇವಿಲ್ಲದೆ ಬರಲು ಶುರುವಾದವು.

"ಯಾಕೋ ಘಮ ಇಲ್ವಲ್ಲ?" ಎಂದೆ.

"ಅಂಜೂರ ಕಿವುಚಿಕೊಳ್ಳಿ" ಎಂದಳು.

ಆದರೆ ಆಶ್ಚರ್ಯವೆಂದರೆ, ಅಂಜೂರ ಬಂತು! ಮಳೆಗಾಲದಲ್ಲಿ ಅಂಗೈಗಿಂತ ದೊಡ್ಡ ಎಲೆಗಳನ್ನು ಬಿಟ್ಟುಕೊಂಡು, ನನ್ನ ಎತ್ತರಕ್ಕೆ ಬೆಳೆದು ನಿಂತಿತು. ನಾನು ದಿನವೂ ಅದರ ಪಕ್ಕದಲ್ಲಿ ನಿಂತು ಫೋಟೋ ತೆಗೆದು ಅತ್ತೆಯವರ ಫೋನಿಗೆ ಕಳಿಸಿದೆ. ಅವರು ಉತ್ತರಿಸಲಿಲ್ಲ. ನೋಡಿದ್ದಾರೆ ಎಂದು ನೀಲಿ ಗುರುತು ಮಾತ್ರ ಬರುತ್ತಿತ್ತು. ನನ್ನ ಮಟ್ಟಿಗೆ ಅದು ಅರ್ಧ ಗೆಲುವು.

ನಮ್ಮ ಕ್ರಾಸಿನ ಕೊನೆಯ ಮನೆಯ ಪುಟ್ಟಸ್ವಾಮಯ್ಯನವರು ಕೂಡ ಬಂದು ನೋಡಿದರು. ಅವರದು ಈ ಬಡಾವಣೆಗೂ ಮೊದಲಿದ್ದ ಮಾರೇನಹಳ್ಳಿಯ ಹಳೆಯ ಮನೆತನ. ಅವರ ತಾತನ ಕಾಲದಲ್ಲಿ ನಮ್ಮ ಮನೆಯಿರುವ ಜಾಗದಲ್ಲಿ ರಾಗಿ ಬೆಳೆಯುತ್ತಿದ್ದರಂತೆ. ಆದ್ದರಿಂದ ನಾವು ಏನೇ ಬೆಳೆದರೂ ಅವರು ಅದನ್ನು ರಾಗಿಯ ಪಕ್ಕದಲ್ಲಿಟ್ಟು ಅಳೆಯುತ್ತಾರೆ. "ಪರವಾಗಿಲ್ಲ ಸಾರ್. ರಾಗಿಯಷ್ಟು ಅಲ್ಲದಿದ್ರೂ ಬಂದೈತೆ" ಎಂದರು. ನಾನು ಸಂತೋಷದಿಂದ ಅಂಜೂರದ ಕುರಿತು ಅವರಿಗೆ ಸುದೀರ್ಘವಾಗಿ ವಿವರಿಸಿದೆ. ಅವರು ನಡುವೆ ಏನೋ ಹೇಳಲು ಬಾಯಿ ತೆಗೆದಾಗಲೆಲ್ಲ, "ಒಂದ್ನಿಮಿಷ ಇರಿ, ಇದನ್ನ ಮುಗಿಸ್ತೀನಿ" ಎಂದೆ.

ಆಮೇಲೆ ಚಳಿಗಾಲ ಬಂತು.

ನಮ್ಮೂರಿನ ಚಳಿಯ ಬಗ್ಗೆ ಒಂದು ಮಾತು ಹೇಳಬೇಕು. ಅದು ಥರ್ಮಾಮೀಟರಿಗೆ ಸಿಗುವ ಚಳಿಯಲ್ಲ, ಅಭಿಮಾನದ ಚಳಿ. ದೆಹಲಿಯಿಂದ ಬಂದ ನೆಂಟರು ಡಿಸೆಂಬರಿನಲ್ಲಿ ನಮ್ಮ ನಡುಮನೆಯಲ್ಲಿ ಕುಳಿತು ಫ್ಯಾನ್ ಹಾಕಿ ಎನ್ನುತ್ತಾರೆ. ನಾವು ಸ್ವೆಟರಿನ ಮೇಲೆ ಶಾಲು ಹೊದ್ದು ಅವರೆದುರು ಕುಳಿತು, "ಈ ಸಲ ಚಳಿ ಜಾಸ್ತಿ" ಎನ್ನುತ್ತೇವೆ. ಬೆಳಗಿನ ಹೊತ್ತು ನಮ್ಮ ಬೀದಿಗಳಲ್ಲಿ ಓಡಾಡುವ ಹಿರಿಯರೆಲ್ಲ ಸ್ವೆಟರು, ಮಂಕಿ ಕ್ಯಾಪು ಧರಿಸಿ, ಕಣ್ಣು ಮೂಗು ಮಾತ್ರ ಹೊರಗಿಟ್ಟಿರುತ್ತಾರೆ. ಯಾರು ಯಾರೆಂದು ಅವರವರ ಹೆಂಡಿರಿಗೂ ತಿಳಿಯುವುದಿಲ್ಲ.

ಅಂಜೂರದ ಎಲೆಗಳು ಒಂದೊಂದಾಗಿ ಉದುರಿದವು. ನನಗೆ ಗಾಬರಿಯಾಗಲಿಲ್ಲ. ಗಡ್ಡದವರು ಇದನ್ನೇ ಹೇಳಿದ್ದರು. ಹಿಮ ಬೀಳುವ ಮೊದಲು ಸುತ್ತಬೇಕು!

ಗಿರಿಜಾ ಅತ್ತೆಯವರನ್ನು ಕರೆತರಲು ಮಾಗಡಿಗೆ ಹೊರಟ ದಿನ ನಾನು ಕೆಲಸಕ್ಕೆ ಇಳಿದೆ. ಧನುರ್ಮಾಸಕ್ಕೆ ಅತ್ತೆ ಪ್ರತಿ ವರ್ಷ ನಮ್ಮಲ್ಲಿಗೆ ಬಂದು, ನಸುಕಿನಲ್ಲೇ ಎದ್ದು ಪೂಜೆ ಮಾಡುತ್ತಾರೆ. ಮೊದಲು ಗಿಡಕ್ಕೆ, ಪಕ್ಕದ ಕರಿಬೇವಿನ ಬುಡವೂ ಒಳಗಾಗುವಂತೆ, ಒದ್ದೆ ಗೋಣಿತಾಟು ಸುತ್ತಿದೆ. ಒದ್ದೆ ಏಕೆಂದರೆ, ಗಿಡಕ್ಕೆ ಬಾಯಾರಿಕೆ ಆಗಬಾರದು. ಇದು ಗಡ್ಡದವರು ಹೇಳಿರಲಿಲ್ಲ, ನನ್ನ ಸ್ವಂತ ಸುಧಾರಣೆ. ಅದರ ಮೇಲೆ ಕಂಬಳಿ ಬೇಕಿತ್ತು. ಮನೆಯಲ್ಲಿದ್ದದ್ದು ಒಂದೇ ಕಂಬಳಿ. ಕೆಂಪಂಚಿನ ಕರಿ ಕಂಬಳಿ, ಅತ್ತೆ ಬಂದಾಗ ಹೊದೆಯಲೆಂದು ಬೀರುವಿನಲ್ಲಿ ನುಸಿಗುಳಿಗೆ ಹಾಕಿ ಇಟ್ಟದ್ದು. ಅತ್ತೆಯವರಿಗೆ ಹಣ್ಣು ಕೊಡುವ ಗಿಡಕ್ಕೆ ಅತ್ತೆಯವರದೇ ಕಂಬಳಿ ಹೊದಿಸುವುದರಲ್ಲಿ ತಪ್ಪೇನು ಎಂದು ವಾದಿಸಿದೆ. ಎದುರು ವಾದಿಸಲು ಮನೆಯಲ್ಲಿ ಯಾರೂ ಇರಲಿಲ್ಲ. ಕಂಬಳಿ ಕಾಣದಿರಲೆಂದು ಅದರ ಮೇಲೆ ನನ್ನ ಹಳೆಯ ಮೆರೂನ್ ಸ್ವೆಟರ್ ತೊಡಿಸಿ ಗುಂಡಿ ಹಾಕಿದೆ. ತುದಿಯ ಕೊಂಬೆಗಳನ್ನು ಒಟ್ಟುಗೂಡಿಸಿ ಕಟ್ಟಿ, ನನ್ನ ಮಂಕಿ ಕ್ಯಾಪ್ ಇಳಿಸಿದೆ. ದೂರ ನಿಂತು ನೋಡಿದಾಗ ಕೆಲಸ ಅಚ್ಚುಕಟ್ಟಾಗಿ ಕಂಡಿತು.

ರಾತ್ರಿ ಅತ್ತೆ ಕಂಬಳಿ ಕೇಳಿದರು.

"ಡ್ರೈಕ್ಲೀನಿಂಗ್‌ಗೆ ಕೊಟ್ಟಿದೀನಿ ಅತ್ತೆ" ಎಂದೆ.

"ಕಂಬಳೀನಾ?"

"ಈಗ ಎಲ್ಲಾ ಕೊಡ್ತಾರೆ."

ಅತ್ತೆ ಮಗಳ ಮುಖ ನೋಡಿದರು. ಮಗಳು ಸೂರಿನ ಕಡೆ ನೋಡಿದಳು. ಅತ್ತೆ ಎರಡು ಬೆಡ್‌ಶೀಟು ಹೊದ್ದು ಮಲಗಿದರು.

ಇದಾದ ಕೆಲವು ದಿನಗಳಲ್ಲಿ ಗಿರಿಜಾ ದೇವಸ್ಥಾನದಿಂದ ಬಂದು ಒಂದು ವಿಚಿತ್ರ ಸುದ್ದಿ ಹೇಳಿದಳು. "ಪುಟ್ಟಸ್ವಾಮಯ್ಯನವರು ಸಿಕ್ಕಿದ್ರು. ನಿಮ್ಮನ್ನ ಹೊಗಳಿದ್ದೇ ಹೊಗಳಿದ್ದು. 'ಯಜಮಾನ್ರು ತುಂಬಾ ಬದಲಾಗಿದಾರಮ್ಮ. ಮುಂಚೆ ನನಗೆ ಒಂದು ಮಾತಾಡಕ್ಕೆ ಬಿಡ್ತಿರ್ಲಿಲ್ಲ. ಈಗ ಎಷ್ಟು ಹೇಳಿದ್ರೂ ತಾಳ್ಮೆಯಿಂದ ಕೇಳ್ತಾರೆ' ಅಂದ್ರು. ಏನ್ ಮಾತಾಡ್ತಾ ಇದೀರಿ ನೀವು ಅವರ ಹತ್ರ?"

ಆ ತಿಂಗಳು ನಾನು ಪುಟ್ಟಸ್ವಾಮಯ್ಯನವರನ್ನು ನೋಡಿಯೇ ಇರಲಿಲ್ಲ. ಆದರೆ ಅಡುಗೆಮನೆಯಲ್ಲಿ ಅತ್ತೆ ಕಿವಿಗೊಟ್ಟು ಕೇಳುತ್ತಿದ್ದರು. ಅವರೆದುರು ನನ್ನನ್ನು ಯಾರಾದರೂ ಹೊಗಳಿದ್ದು ಅದೇ ಮೊದಲು.

"ಇನ್ನೊಬ್ಬರ ಮಾತು ಕೇಳೋದೂ ಒಂದು ಕಲೆ ಕಣೇ" ಎಂದೆ.

ಈಗ ಯೋಚಿಸಿದರೆ, ಅಲ್ಲಿಯೇ ಸತ್ಯ ಹೇಳಿದ್ದರೆ ಮುಂದಿನದು ತಪ್ಪುತ್ತಿತ್ತು.

ಮುಂದಿನದು ಎಂದರೆ ಇದು. ಒಂದು ಗುರುವಾರ, ಇನ್ನೂ ಬೆಳಕು ಹರಿದಿರಲಿಲ್ಲ. ಗೇಟಿನ ಹತ್ತಿರ ತಾಳದ ಸದ್ದು. ಬಾಗಿಲು ತೆಗೆದರೆ ನಮ್ಮ ಬಡಾವಣೆಯ ಭಜನಾ ಮಂಡಳಿ ಇಡಿಯಾಗಿ ಅಂಗಳದಲ್ಲಿದೆ! ಧನುರ್ಮಾಸ ಪೂರ್ತಿ ಅವರು ದೇವಸ್ಥಾನದಿಂದ ಹಾಡುತ್ತಾ ಬಂದು, ದಿನಕ್ಕೊಂದು ಮನೆಯಲ್ಲಿ ಹುಗ್ಗಿ ತಿಂದು ಹೋಗುವ ಪದ್ಧತಿ. ಮುಂದೆ ಪುಟ್ಟಸ್ವಾಮಯ್ಯನವರು, ಕನ್ನಡಕದ ಮೇಲೇ ಮಂಕಿ ಕ್ಯಾಪ್ ಎಳೆದುಕೊಂಡು ನಿಂತಿದ್ದರು.

"ಎಲ್ಲಾ ರೆಡಿನಾ ಸಾರ್? ಘಮ ಬರ್ತಾ ಇಲ್ವಲ್ಲ?"

"ಏನು ರೆಡಿ?"

"ಹುಗ್ಗಿ. ಇವತ್ತಿನ ಸೇವೆ ನಿಮ್ಮದು ಅಂತ ಒಪ್ಕೊಂಡ್ರಲ್ಲ."

"ನಾನಾ? ಯಾವಾಗ?"

"ಮೊನ್ನೆ, ಇಲ್ಲೇ, ಗೇಟಿನ ಹತ್ರ. ಗುರುವಾರಕ್ಕೆ ಯಾರೂ ಇಲ್ಲ, ನೀವು ಮಾಡಿಸ್ತೀರಾ ಅಂತ ಕೇಳಿದೆ. ಜೋರಾಗಿ ತಲೆ ಆಡಿಸಿದ್ರಿ. ಅನುಮಾನ ಬೇಡ ಅಂತ ಇನ್ನೊಂದು ಸಲ ಕೇಳಿದೆ. ಆಗ ಇನ್ನೂ ಜೋರಾಗಿ ಆಡಿಸಿದ್ರಿ!"

ಮೊನ್ನೆ ಒಳ್ಳೆಯ ಗಾಳಿ ಬೀಸಿತ್ತು ಎಂದು ನನಗೆ ನೆನಪಾಯಿತು. ನಾನು ನಿಧಾನವಾಗಿ ಗೇಟಿನ ಕಡೆ ನೋಡಿದೆ. ಪುಟ್ಟಸ್ವಾಮಯ್ಯನವರೂ ತಿರುಗಿದರು. ಅಲ್ಲಿ ಮೆರೂನ್ ಸ್ವೆಟರು, ಮಂಕಿ ಕ್ಯಾಪು ಧರಿಸಿ ಗಂಭೀರವಾಗಿ ನಿಂತಿದ್ದವರನ್ನು ಒಮ್ಮೆ ನೋಡಿದರು. ಬಾಗಿಲಲ್ಲಿ ಪಂಚೆಯಲ್ಲಿ ನಿಂತಿದ್ದ ನನ್ನನ್ನು ಒಮ್ಮೆ ನೋಡಿದರು. ಮಂಕಿ ಕ್ಯಾಪ್ ಕಳಚಿ, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

"ಹಾಗಾದ್ರೆ ಅವರ್ಯಾರು?"

"ಅಂಜೂರ" ಎಂದೆ.

ಭಜನಾ ಮಂಡಳಿಯ ತಾಳ ನಿಂತಿತು.

"ಅಯ್ಯೋ ದೇವರೇ, ದಿನಾ ಗುಡ್ ಮಾರ್ನಿಂಗ್ ಹೇಳ್ತಿದ್ದೆನಲ್ಲ ಸಾರ್! ಮನೆ ವಿಷಯ ಎಲ್ಲಾ ಹೇಳ್ಕೊಂಡೆ. ಮುದ್ದೆ ವಿಷಯಾನೂ ಹೇಳ್ಬಿಟ್ಟೆ!"

"ಯಾವ ಮುದ್ದೆ ವಿಷಯ?" ಎಂದು ಮಂಡಳಿಯ ಹಿಂಭಾಗದಿಂದ ಅವರ ಹೆಂಡತಿಯ ಧ್ವನಿ ಕೇಳಿತು. ಪುಟ್ಟಸ್ವಾಮಯ್ಯನವರು ತಕ್ಷಣ ಮಂಕಿ ಕ್ಯಾಪ್ ಹಾಕಿಕೊಂಡರು.

ಇಂಥ ಹೊತ್ತಿನಲ್ಲಿ ನಾನು ಏನು ಮಾಡುತ್ತೇನೆಂದು ಅತ್ತೆಯವರಿಗೆ ಗೊತ್ತಿತ್ತು. ಆದ್ದರಿಂದ ಅವರೇ ಸೆರಗು ಸಿಕ್ಕಿಸಿಕೊಂಡು ಹೊರಗೆ ಬಂದರು. "ಮನೆಗೆ ಬಂದೋರನ್ನ ಹಾಗೇ ಕಳಿಸೋಕಾಗತ್ತಾ? ಕೂತ್ಕೊಂಡು ಇನ್ನೆರಡು ಹಾಡು ಹೇಳ್ತಾ ಇರಿ. ಗಿರಿಜಾ, ದೊಡ್ಡ ಕುಕ್ಕರ್ ಇಡೇ" ಎಂದರು. ಅಕ್ಕಿ, ಹೆಸರುಬೇಳೆ ಹುರಿದ ವಾಸನೆ ಬಂತು. ಮಂಡಳಿ ಜಮಖಾನದ ಮೇಲೆ ಕುಳಿತು ಹಾಡಿತು. ನನ್ನ ಮಾನ ಉಳಿಯಿತೆಂದುಕೊಂಡೆ.

ಅಷ್ಟರಲ್ಲಿ ಅಡುಗೆಮನೆಯಿಂದ ಅತ್ತೆಯವರ ಮಾತು. "ಮೆಣಸು, ಜೀರಿಗೆ, ಶುಂಠಿ ಎಲ್ಲಾ ಆಯ್ತು. ಕರಿಬೇವು ಎಲ್ಲೇ?"

ಗಿರಿಜಾ ಅಡುಗೆಮನೆಯ ಬಾಗಿಲಿಗೆ ಬಂದು ನನ್ನನ್ನು ನೋಡಿದಳು. ಇಷ್ಟು ತಿಂಗಳು ಆಡದೆ ಉಳಿಸಿಕೊಂಡಿದ್ದ ಮಾತೆಲ್ಲ ಆ ನೋಟದಲ್ಲಿತ್ತು. ಅಂಗಳದಲ್ಲಿ ಕುಳಿತಿದ್ದ ನಮ್ಮ ಕ್ರಾಸಿನ ಹೆಂಗಸರೂ ಹಾಡು ನಿಲ್ಲಿಸದೆಯೇ ನನ್ನ ಕಡೆ ತಿರುಗಿದರು. ಅಂಗಡಿಗಳು ತೆರೆದಿರಲಿಲ್ಲ. ಕರಿಬೇವಿಗೆ ಇಡೀ ಬೀದಿ ಬರುತ್ತಿದ್ದ ಮನೆಯಲ್ಲಿ, ಇಡೀ ಬೀದಿ ಬಂದು ಕುಳಿತಿರುವಾಗ, ಒಂದು ಎಸಳು ಕರಿಬೇವಿಲ್ಲ. ಗಿರಿಜಾಳ ಕಣ್ಣು ತುಂಬಿದ್ದನ್ನು ಕಂಡು ನನಗೆ ನಿಜವಾಗಿ ನಾಚಿಕೆಯಾಯಿತು.

"ಒಂದ್ನಿಮಿಷ" ಎಂದು ನಾನು ಗೇಟಿನ ಕಡೆ ಓಡಿದೆ. ಯಾರದಾದರೂ ಕಾಂಪೌಂಡಿನಿಂದ ನಾಲ್ಕು ಎಸಳು ಕಿತ್ತು ತರುವ ಉದ್ದೇಶ. ಅವಸರದಲ್ಲಿ ಅಂಜೂರದ ಸ್ವೆಟರಿನ ತೋಳು ನನ್ನ ಕೈಗೆ ಸಿಕ್ಕಿಹಾಕಿಕೊಂಡಿತು. ನಾನು ಎಳೆದೆ. ಗುಂಡಿಗಳು ಹಾರಿದವು. ಒಳಗಿಂದ ಕೆಂಪಂಚು ಇಣುಕಿತು.

ಅತ್ತೆ ಸೌಟು ಹಿಡಿದೇ ಮೆಟ್ಟಿಲಿಳಿದು ಬಂದರು. ಅಂಚನ್ನು ಮುಟ್ಟಿ ನೋಡಿದರು.

"ಡ್ರೈಕ್ಲೀನಿಂಗ್ ಇಲ್ಲೇ ಮಾಡ್ತಾರಾ ಅಳಿಯಂದ್ರೇ?"

ಅತ್ತೆ ಒಂದೊಂದೇ ಸುತ್ತು ಬಿಚ್ಚತೊಡಗಿದರು. ಮಂಡಳಿ ಹಾಡು ಬಿಟ್ಟು ಎದ್ದು ಬಂದು ಸುತ್ತ ನಿಂತಿತು. ಮಂಕಿ ಕ್ಯಾಪ್ ಬಂತು. ಕಂಬಳಿ ಬಂತು. ಗೋಣಿತಾಟು ಬಿಚ್ಚಿದಾಗ ಎಲ್ಲರೂ ಮೂಗು ಮುಚ್ಚಿಕೊಂಡರು. ನನ್ನ ಅಂಜೂರ ಮೇಲಿಂದ ಕೆಳಗಿನವರೆಗೆ ಕಪ್ಪಗೆ ಕೊಳೆತು, ಬೂಷ್ಟು ಹಿಡಿದು ನಿಂತಿತ್ತು. ಅತ್ತೆ ಸೌಟಿನಿಂದ ಮೆಲ್ಲಗೆ ತಟ್ಟಿದರು. ಅದು ಶಬ್ದವನ್ನೂ ಮಾಡದೆ ಮುರಿದು ನನ್ನ ಕಾಲಬುಡದಲ್ಲಿ ಬಿತ್ತು. ಮಳೆಯಲ್ಲಿ, ಬಿಸಿಲಿನಲ್ಲಿ ಯಾರ ಆರೈಕೆಯೂ ಇಲ್ಲದೆ ಚೆನ್ನಾಗಿ ಬೆಳೆದಿದ್ದ ಗಿಡವನ್ನು ನಾನು ಇಲ್ಲದ ಹಿಮದಿಂದ ಕಾಪಾಡಿ ಕೊಂದಿದ್ದೆ!

"ಪಾಪ, ಒಳ್ಳೆ ಮನುಷ್ಯ" ಎಂದರು ಪುಟ್ಟಸ್ವಾಮಯ್ಯನವರು.

ಆಗ ಅತ್ತೆ ಬಗ್ಗಿದರು. ಅಂಜೂರ ಬಿದ್ದ ಜಾಗದ ಪಕ್ಕದಲ್ಲಿ, ಗೋಣಿಯೊಳಗಿನ ಬೆಚ್ಚನೆಯ ಒದ್ದೆಯಲ್ಲಿ, ನಾನು ಕೊಯ್ದಿದ್ದ ಬುಡದ ಸುತ್ತ ಎಳೆಯ ಚಿಗುರುಗಳು ಎದ್ದಿದ್ದವು. ಬಿಸಿಲು ಕಾಣದೆ ಸ್ವಲ್ಪ ಬಿಳಿಚಿಕೊಂಡಿದ್ದವು, ಅಷ್ಟೇ. ಅತ್ತೆ ಒಂದು ಎಲೆ ಚಿವುಟಿ, ಬೆರಳಲ್ಲಿ ಹಿಸುಕಿ, ಮೂಸಿ ನೋಡಿದರು. ಗಿರಿಜಾಳ ಮೂಗಿಗೂ ಹಿಡಿದರು.

"ಕರಿಬೇವು!" ಎಂದಳು ಗಿರಿಜಾ. ತಿಂಗಳುಗಳ ನಂತರ ಅವಳು ನಕ್ಕಿದ್ದು ಆಗಲೇ.

"ಒಗ್ಗರಣೆಗೆ ಇಡೇ" ಎಂದರು ಅತ್ತೆ.

ಹುಗ್ಗಿ ಅದ್ಭುತವಾಗಿತ್ತು. ಎಲ್ಲರೂ ಎರಡೆರಡು ಸಲ ಹಾಕಿಸಿಕೊಂಡರು. ಹೊರಡುವಾಗ ಪುಟ್ಟಸ್ವಾಮಯ್ಯನವರು, "ಏನೇ ಅನ್ನಿ ಅಮ್ಮ, ಯಜಮಾನ್ರ ಕೈಯಲ್ಲಿ ಏನೋ ಐತೆ. ಕೊಯ್ದು ಹಾಕಿದ ಗಿಡ ಎದ್ದು ಬಂತಲ್ಲ" ಎಂದರು. ನಾನು ಆಸೆಯಿಂದ ಅತ್ತೆಯವರ ಮುಖ ನೋಡಿದೆ. ತೆಂಗಿನ ಸಸಿಯ ಮೇಲ್ಮನವಿ ಅಂತೂ ವಿಚಾರಣೆಗೆ ಬಂದಿತ್ತು. ಅತ್ತೆ ಕಂಬಳಿ ಕೊಡವಿ ಗೇಟಿನ ಮೇಲೆ ಒಣಹಾಕಿದರು.

"ಈಗ ಗೊತ್ತಾಯ್ತು ಬಿಡಿ ಇವರ ಕೈಗುಣ. ಇವರು ನೆಟ್ರೆ ಒಣಗತ್ತೆ, ಕಡಿದ್ರೆ ಚಿಗುರತ್ತೆ."

ಈ ಹೊಸ ತೀರ್ಪು ಹುಗ್ಗಿಗಿಂತ ಬೇಗ ಬೀದಿಯಲ್ಲಿ ಹಂಚಿಹೋಯಿತು. ಮಾರನೆಯ ದಿನವೇ ಪುಟ್ಟಸ್ವಾಮಯ್ಯನವರ ಹೆಂಡತಿ ಬಂದು, "ನಮ್ಮ ಮಲ್ಲಿಗೆ ಹೂವೇ ಬಿಡ್ತಾ ಇಲ್ಲ ಸಾರ್. ಸ್ವಲ್ಪ ಬಂದು ಕಡಿದು ಹೋಗಿ" ಎಂದು ಕರೆದರು. ಹೋಗಿ ಕಡಿದೆ. ಜೊತೆಗೆ ಮುದ್ದೆಯ ವಿಷಯ ಏನೆಂದು ನನ್ನನ್ನು ವಿಚಾರಿಸಿದರು. ಆ ಗುಟ್ಟು ಅಂಜೂರದ ಜೊತೆಗೇ ಹೋಯಿತು ಎಂದೆ.

ಕರಿಬೇವಿಗೆ ಈಗ ಮೊಣಕಾಲೆತ್ತರ. ಇನ್ನೂ ಎಳೆಯದು, ಯಾರೂ ಕೀಳಬಾರದು. ಬೆಳಗ್ಗೆ ಕೈ ಚಾಚುವವರನ್ನು ತಡೆಯಲು ಗೇಟಿನ ಪಕ್ಕದಲ್ಲಿ ಒಬ್ಬರು ನಿಲ್ಲಬೇಕೆಂದು ಗಿರಿಜಾ ಗೊತ್ತುಮಾಡಿದಳು. "ನಿಂತ್ಕೊಳ್ಳಿ, ಸಾಕು. ಏನೂ ಮುಟ್ಬೇಡಿ" ಎಂದು ಅತ್ತೆ ಸೇರಿಸಿದರು. ಸ್ವೆಟರನ್ನು ಒಗೆದು, ಗುಂಡಿ ಹೊಲಿಸಿ, ಮಂಕಿ ಕ್ಯಾಪ್ ಸಮೇತ ನನಗೇ ವಾಪಸು ಕೊಟ್ಟರು.

ಹೋದ ವಾರ ಹಾಗೆ ನಿಂತಿದ್ದೆ. ಮಬ್ಬುಗತ್ತಲಲ್ಲಿ ಪುಟ್ಟಸ್ವಾಮಯ್ಯನವರು ಯಾರೋ ಸ್ನೇಹಿತರ ಜೊತೆ ಬಂದರು. ಈ ಸಲ ನಾನೇ ಮೊದಲು ನಮಸ್ಕಾರ ಹೇಳಿ, ಅವರ ಮಾತನ್ನು ಪೂರ್ತಿ ಕೇಳಬೇಕೆಂದು ತಯಾರಾಗಿದ್ದೆ. ಬಾಯಿ ತೆಗೆಯುವಷ್ಟರಲ್ಲಿ ಅವರು ನನ್ನತ್ತ ಬೆರಳು ಮಾಡಿ ಸ್ನೇಹಿತರಿಗೆ ಹೇಳಿದರು.

"ಅಲ್ಲಿ ನೋಡಿ, ಮತ್ತೆ ಒಂದು ತಂದು ನಿಲ್ಲಿಸವ್ರೆ. ಈ ಸಲ ನಾನು ಮೋಸ ಹೋಗಲ್ಲ." ಹತ್ತಿರ ಬಂದು ಕಾಂಪೌಂಡಿನ ಮೇಲಿಂದ ನನ್ನ ಭುಜವನ್ನು ಎರಡು ಬೆರಳಲ್ಲಿ ಅದುಮಿ ನೋಡಿದರು. ತಲೆ ಅಲ್ಲಾಡಿಸಿದರು. "ಇದೂ ಒಳಗೆ ಕೊಳೆತು ಲಡ್ಡು ಹಿಡಿದೈತೆ. ಉಳಿಯಲ್ಲ."

ಗಾಳಿ ಬಂದಾಗ ನಾನು ಸುಮ್ಮನೆ ತಲೆಯಾಡಿಸಿದೆ.